ಮೈಕ್ರೋಫಿಲ್ಮ್ ಮೇಡಂ: ಎಲ್ ಪಾಸೋದಲ್ಲಿ ಒಂದು ದಿನ

ಈ ಗುಡ್ಡದ ಮೇಲಿಂದ ನೋಡಿದ್ರೆ ಎಲ್ ಪಾಸೋ ಎಲ್ಲಿ ಮುಗೀತು, ಸಿಯುದಾದ್ ಹ್ವಾರೆಸ್ ಎಲ್ಲಿ ಶುರುವಾಯ್ತು ಅಂತ ತಿಳಿಯೋದೇ ಇಲ್ಲ. ಈ ಕಡೆ ಟೆಕ್ಸಸ್, ಆ ಕಡೆ ಮೆಕ್ಸಿಕೋ. ನಡುವೆ ಸಿಮೆಂಟ್ ಕಾಲುವೆ ಥರ ಕಾಣ್ತಿದೆಯಲ್ಲ, ಅದೇ ರಿಯೋ ಗ್ರಾಂದೆ ನದಿ. 1911ರಲ್ಲಿ, ಸರ್ವಾಧಿಕಾರಿಯ ಆಳ್ವಿಕೆ ವಿರುದ್ಧ ಎದ್ದ ಮೆಕ್ಸಿಕೋ ಕ್ರಾಂತಿಯ ಹೊತ್ತಲ್ಲಿ, ಹ್ವಾರೆಸ್‌ಗಾಗಿ ಕಾಳಗ ನಡೀತಿದ್ದಾಗ ಈ ಕಡೆಯವರು ಮಹಡಿ ಹತ್ತಿ ನಿಂತು ನೋಡಿದ್ರು. ನದಿ ದಾಟಿ ಬಂದ ಗುಂಡು ತಗುಲಿ ಕೆಲವರು ಸತ್ತೂ ಹೋದ್ರು.

ಊರಿಗೆ ಹೋದಾಗ ಏನು ಕೆಲಸ ಅಂತ ಯಾರಾದ್ರೂ ಕೇಳಿದ್ರೆ, ಸ್ಪ್ಯಾನಿಷ್ ಪಾಠ ಮಾಡ್ತೀನಿ ಅಂತೀನಿ. ಸುಳ್ಳೇನಲ್ಲ. ವಾರದ ಬಹುಪಾಲು ಮೊದಲ ವರ್ಷದ ಮಕ್ಕಳಿಗೆ ಕ್ರಿಯಾಪದ ಹೇಳಿಕೊಡೋದ್ರಲ್ಲೇ ಕಳೆಯುತ್ತೆ. ಆದ್ರೆ ನಾನು ಪಿಎಚ್‌ಡಿ ಮಾಡಿದ್ದು, ಈಗ್ಲೂ ರಜೆ ಸಿಕ್ಕಿದಾಗೆಲ್ಲ ಓಡಿ ಬರೋದು ಹಳೇ ಪತ್ರಿಕೆಗಳಿಗಾಗಿ. ಅಮೆರಿಕದ ನೆಲದಲ್ಲಿ ಸ್ಪ್ಯಾನಿಷ್‌ನಲ್ಲಿ ಅಚ್ಚಾದ ಪತ್ರಿಕೆಗಳು, ಅವುಗಳಲ್ಲಿ ಕಂತು ಕಂತಾಗಿ ಬಂದ ಕಥೆ-ಕಾದಂಬರಿಗಳು.

ಈಗ ಬರ್ತಿರೋದು ಸೌತ್ ಒರೆಗಾನ್ ಬೀದಿ. ಈ ಬಡಾವಣೆ ಹೆಸರು ಸೆಗುಂಡೋ ಬಾರ್ರಿಯೋ. ಮೆಕ್ಸಿಕೋ ಕ್ರಾಂತಿಯ ಕಾಲದಲ್ಲಿ ಗಡಿ ದಾಟಿ ಬಂದವರಲ್ಲಿ ಬಹಳ ಜನ ನೆಲೆ ನಿಂತಿದ್ದು ಇಲ್ಲೇ. ಹಾಗೆ ಬಂದವರಲ್ಲಿ ಮಾರಿಯಾನೋ ಅಸುವೆಲಾ ಅನ್ನೋ ಡಾಕ್ಟರೂ ಒಬ್ಬರು. ಕ್ರಾಂತಿಯ ಸೇನಾನಾಯಕ ಪಾಂಚೋ ವಿಯಾ ಕಡೆಯ ಪಡೆಯೊಂದರಲ್ಲಿ ಗಾಯಾಳುಗಳನ್ನ ನೋಡಿಕೊಳ್ತಿದ್ದವರು. 1915ರಲ್ಲಿ ಆ ಕಡೆಯವರು ಒಂದಾದ ಮೇಲೊಂದು ಸೋಲು ಉಂಡಾಗ ಹಸ್ತಪ್ರತಿ ಹಿಡಿದುಕೊಂಡು ಎಲ್ ಪಾಸೋಗೆ ಬಂದ್ರು. ಕಾದಂಬರಿ ಇನ್ನೂ ಪೂರ್ತಿ ಆಗಿರಲಿಲ್ಲ. ಕೈಯಲ್ಲಿ ಕಾಸೂ ಇರಲಿಲ್ಲ. ‘ಎಲ್ ಪಾಸೋ ದೆಲ್ ನೋರ್ತೆ’ ಅನ್ನೋ ಇಲ್ಲಿನ ಸ್ಪ್ಯಾನಿಷ್ ಪತ್ರಿಕೆಗೆ ಅದನ್ನ ಕೊಟ್ರು. ಆ ವರ್ಷ ಅಕ್ಟೋಬರ್‌ನಿಂದ ಕಂತುಗಳಲ್ಲಿ ಬಂತು. ಅದೇ ‘ಲೋಸ್ ದೆ ಅಬಾಹೋ’, ಅಂದ್ರೆ ‘ಕೆಳಗಿನವರು’, ಮೆಕ್ಸಿಕೋ ಕ್ರಾಂತಿಯ ಕಾದಂಬರಿ ಅಂದ್ರೆ ಇವತ್ತು ಎಲ್ಲರೂ ಮೊದಲು ಹೆಸರಿಸೋ ಪುಸ್ತಕ.

ದೆಹಲಿಯಲ್ಲಿ ಎಂಎ ಓದುವಾಗ ಇದು ನನಗೆ ಸಿಕ್ಕಿದ್ದು ಅಚ್ಚುಕಟ್ಟಾದ ಪೇಪರ್‌ಬ್ಯಾಕ್ ಆಗಿ. ಹಿಂದೆ ಟಿಪ್ಪಣಿ, ಮುಂದೆ ಮುನ್ನುಡಿ. ಚೆನ್ನಾಗೇ ಇತ್ತು. ಆದ್ರೆ ಆ ಪುಸ್ತಕ ಓದಿದವರಿಗೆ ಕಾಣದ ಒಂದು ವಿಷಯ ಇದೆ. ಮೂರನೇ ಭಾಗ ಶುರುವಾಗೋದೇ ಒಂದು ಕಾಗದದಿಂದ. ಕ್ರಾಂತಿಯ ಹೆಸರಲ್ಲಿ ಸಾಕಷ್ಟು ದೋಚಿಕೊಂಡು ಜಾಗ ಖಾಲಿ ಮಾಡಿದ ಲೂಯಿಸ್ ಸೆರ್ವಾಂತೆಸ್ ಅನ್ನೋ ಪಾತ್ರ ಬರೆದ ಕಾಗದ. ನೀನೂ ಬಂದುಬಿಡು, ಇಬ್ಬರೂ ಸೇರಿ ಮೆಕ್ಸಿಕನ್ ಹೋಟೆಲ್ ಇಡೋಣ ಅಂತ ಹಳೇ ಜೊತೆಗಾರನಿಗೆ ಆಸೆ ತೋರಿಸ್ತಾನೆ. ಎಲ್ಲಿಂದ ಬರೀತಾನೆ? ಎಲ್ ಪಾಸೋದಿಂದ!

ಪೇಪರ್‌ಬ್ಯಾಕ್ ಓದುಗನಿಗೆ ಅದು ಬರೀ ಊರಿನ ಹೆಸರು. ಆದ್ರೆ 1915ರಲ್ಲಿ ಇದೇ ಬೀದಿಯಲ್ಲಿ ಪೇಪರ್ ಬಿಡಿಸಿದವನಿಗೆ ಹೇಗಿದ್ದಿರಬೇಕು ಯೋಚನೆ ಮಾಡಿ. ಇಂಥ ಸೆರ್ವಾಂತೆಸ್‌ಗಳು ಪಕ್ಕದ ಮನೆಯಲ್ಲೇ ಇದ್ದಿರಬಹುದು. ಆ ಅಕ್ಟೋಬರ್‌ನಲ್ಲೇ ಅಮೆರಿಕ ಸರ್ಕಾರ ವಿಯಾನ ಎದುರಾಳಿ ಕರ್ರಾನ್ಸಾಗೆ ಮಾನ್ಯತೆ ಕೊಡ್ತು, ನವೆಂಬರ್ ಶುರುವಿನಲ್ಲಿ ಆಗ್ವಾ ಪ್ರಿಯೆತಾ ಅನ್ನೋ ಮೆಕ್ಸಿಕೋದ ಗಡಿ ಊರಲ್ಲಿ ವಿಯಾ ಸೋತ. ಅಂದ್ರೆ ಕಾದಂಬರಿಯಲ್ಲಿರೋ ಯುದ್ಧ ಹೊರಗೆ ಇನ್ನೂ ಮುಗಿದಿರಲಿಲ್ಲ. ಇದನ್ನೆಲ್ಲ ಪತ್ರಿಕೆಯಿಂದ ಕತ್ತರಿಸಿ ತೆಗೆದು ‘ಶ್ರೇಷ್ಠ ಕೃತಿ’ ಅಂತ ಕಪಾಟಿನಲ್ಲಿ ಇಟ್ರೆ ಅರ್ಧ ಕಥೆ ಹೋಯ್ತು ಅನ್ನೋದೇ ನನ್ನ ತಕರಾರು. ಹದಿನೈದು ವರ್ಷದ ವೃತ್ತಿಯಲ್ಲಿ ಇದೊಂದನ್ನೇ ಬೇರೆ ಬೇರೆ ಥರ ಹೇಳ್ತಾ ಬಂದಿದ್ದೀನಿ ಅಂದ್ರೂ ತಪ್ಪಿಲ್ಲ.

ಕತ್ತರಿಸೋದು ಅಂದಾಗ ನನ್ನಜ್ಜಿ ನೆನಪಾಗ್ತಾರೆ. ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನ ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ಕ್ಯಾಲೆಂಡರ್ ಹಾಳೆ ರಟ್ಟು ಹಾಕಿ ಇಡ್ತಿದ್ರು. ನಿಮ್ಮ ಮನೆಯಲ್ಲೂ ಅಂಥದ್ದು ಇದ್ದೀತು. ನನಗೆ ಕಥೆಗಿಂತ ಆ ಪುಟಗಳ ಹಿಂಬದಿಯ ಅರ್ಧಂಬರ್ಧ ಜಾಹೀರಾತುಗಳೇ ಇಷ್ಟ. ಈಗ ಸಂಬಳ ತಗೊಂಡು ಮಾಡೋ ಕೆಲಸಕ್ಕೂ ಅದಕ್ಕೂ ಹೆಚ್ಚು ದೂರ ಇಲ್ಲ ಬಿಡಿ.

ಇದು ಮೈಕ್ರೋಫಿಲ್ಮ್ ಯಂತ್ರ. ಹಳೇ ಪತ್ರಿಕೆಯ ಪುಟಗಳನ್ನ ಚಿಕ್ಕದಾಗಿ ಫಿಲ್ಮ್ ರೀಲಿನ ಮೇಲೆ ಫೋಟೋ ತೆಗೆದಿಟ್ಟಿರ್ತಾರೆ, ಇದರಲ್ಲಿ ದೊಡ್ಡದಾಗಿ ಕಾಣುತ್ತೆ. ಬೆಳಗ್ಗೆ ಕೂತ್ರೆ ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗುತ್ತೆ. ಒಂದೊಂದು ಪುಟದ ಮೂಲೆ ಹರಿದಿರುತ್ತೆ, ಒಂದೊಂದು ವಾರದ ಸಂಚಿಕೆಯೇ ಇರಲ್ಲ. ಸ್ಕ್ಯಾನ್ ಆಗಿದ್ರೆ ಸಲೀಸು ಅಂದುಕೊಳ್ಳಬೇಡಿ. ಅಚ್ಚು ಓದೋ ಸಾಫ್ಟ್‌ವೇರ್ ಪಕ್ಕಪಕ್ಕದ ಎರಡು ಕಾಲಂ ಸೇರಿಸಿ ಓದಿಬಿಟ್ರೆ ನಾಯಕಿಯ ಕಣ್ಣೀರಿನ ನಡುವೆ ಹಲ್ಲುಪುಡಿ ಜಾಹೀರಾತು ಬಂದು ಕೂರುತ್ತೆ.

ಸಂದರ್ಶನಗಳಲ್ಲಿ ಕೇಳ್ತಿದ್ರು, ನಿಮ್ಮದು ಸಾಹಿತ್ಯವಾ, ಇತಿಹಾಸವಾ ಅಂತ. ಸಾಹಿತ್ಯದವರಿಗೆ ನಾನು ಪತ್ರಿಕೆಯವಳು, ಇತಿಹಾಸದವರಿಗೆ ಕಾದಂಬರಿಯವಳು. ಕೆಲಸ ಸಿಗೋಕೆ ತಡ ಆಯ್ತು, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಆದ್ರೆ ಈ ದಾರಿಯನ್ನ ನಾನೊಬ್ಬಳೇ ಕಡಿದುಕೊಂಡು ಬಂದಿಲ್ಲ. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ನಿಕೊಲಾಸ್ ಕನೆಯೋಸ್ ಮತ್ತವರ ತಂಡ 1990ರ ದಶಕದಿಂದ ಇಂಥ ಬರಹಗಳನ್ನ ಹುಡುಕಿ ಮತ್ತೆ ಅಚ್ಚು ಹಾಕ್ತಿದ್ದಾರೆ. 1928ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಬಂದ, ಮೆಕ್ಸಿಕನ್ ಕೂಲಿಯೊಬ್ಬನ ಕಥೆಯ ದಾನಿಯೆಲ್ ವೆನೆಗಾಸ್‌ನ ‘ದೋನ್ ಚಿಪೋತೆ’ ನಮಗೆ ಮತ್ತೆ ಸಿಕ್ಕಿದ್ದು ಕನೆಯೋಸ್‌ರಿಂದಲೇ.

ಅಸುವೆಲಾ ಕಾದಂಬರಿಗೂ ಒಂಬತ್ತು ವರ್ಷ ಯಾರೂ ಅಷ್ಟಾಗಿ ಗಮನ ಕೊಟ್ಟಿರಲಿಲ್ಲ. 1924ರ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ‘ಎಲ್ ಉನಿವೆರ್ಸಾಲ್’ ಪತ್ರಿಕೆಯಲ್ಲಿ ಒಬ್ಬ ವಿಮರ್ಶಕರು, ನಮ್ಮ ಸಾಹಿತ್ಯದಲ್ಲಿ ಗಂಡಸುತನವೇ ಇಲ್ಲ ಅಂತ ಜಗಳ ತೆಗೆದ್ರು. ಈಗ ಓದಿದ್ರೆ ನಗು ಬರುತ್ತೆ. ಅದಕ್ಕೆ ಫ್ರಾನ್ಸಿಸ್ಕೋ ಮೊಂತೆರ್ದೆ ಅನ್ನೋ ಲೇಖಕರು ಉತ್ತರ ಬರೆದು, ಇದೆಯಲ್ಲ ಅಸುವೆಲಾ ಕಾದಂಬರಿ ಅಂತ ತೋರಿಸಿದ್ರು. ಮರುವರ್ಷ ಅದೇ ಬಳಗದ ವಾರಪತ್ರಿಕೆ ಮತ್ತೆ ಕಂತುಗಳಲ್ಲಿ ಹಾಕಿತು. ಹುಟ್ಟಿಸಿದ್ದೂ ಪತ್ರಿಕೆ, ಎಬ್ಬಿಸಿ ಕೂರಿಸಿದ್ದೂ ಪತ್ರಿಕೆ.

ಸ್ಪ್ಯಾನಿಷ್ ಸ್ವಲ್ಪ ಬಂದ್ರೆ ಸಾಕು, ನೀವೂ ಶುರು ಮಾಡಬಹುದು. ಸ್ಪೇನ್‌ನ ರಾಷ್ಟ್ರೀಯ ಗ್ರಂಥಾಲಯದ ‘ಎಮೆರೋತೆಕಾ ದಿಹಿತಾಲ್’ ಇದೆ, ಹಳೇ ಪತ್ರಿಕೆಗಳು ಉಚಿತ. ಅಮೆರಿಕದ್ದು ಬೇಕಾದ್ರೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹ. ಯಾವುದಾದ್ರೂ ಒಂದು ಪತ್ರಿಕೆಯ ಒಂದೇ ತಿಂಗಳು ಆರಿಸಿಕೊಂಡು ಮೊದಲ ಪುಟದಿಂದ ಕೊನೇ ಜಾಹೀರಾತಿನ ತನಕ ಬಿಡದೆ ಓದಿ. ಧಾರಾವಾಹಿ ಕಂಡ್ರೆ ಕಾಮೆಂಟ್‌ನಲ್ಲಿ ಹಾಕಿ. ಇನ್ನೂ ಅರ್ಧ ರೀಲು ಉಳಿದಿದೆ, ಐದಕ್ಕೆ ಬಾಗಿಲು ಹಾಕ್ತಾರೆ. ನಾನು ಕೂತ್ಕೊಳ್ತೀನಿ.