ನಡುಬೇಸಿಗೆಯಲ್ಲಿ ಮೈನಸ್ 140 ಡಿಗ್ರಿ: ಮೇಲಿನ ವಾತಾವರಣದ ಉಷ್ಣತೆಯನ್ನು ಅಳೆಯುವ ಬಗೆ

[ಪರದೆ: ನೆಲದಿಂದ 100 ಕಿಲೋಮೀಟರ್‌ವರೆಗಿನ ಎತ್ತರದ ಮಾಪಕ. ಕೆಂಪು ಗುರುತು ಮೇಲೇರಿ 87ರ ಬಳಿ ನಿಲ್ಲುತ್ತದೆ.]

ನಿರೂಪಣೆ: ಭೂಮಿಯ ವಾತಾವರಣದಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗ ಯಾವುದು ಗೊತ್ತೇ? ಧ್ರುವಗಳ ಮೇಲೆ, 85ರಿಂದ 90 ಕಿಲೋಮೀಟರ್ ಎತ್ತರದಲ್ಲಿ. ಅದೂ ಬೇಸಿಗೆಯಲ್ಲಿ! ಸೂರ್ಯ ಮುಳುಗದ ಆ ದಿನಗಳಲ್ಲಿ ಅಲ್ಲಿನ ಉಷ್ಣತೆ ಮೈನಸ್ 140 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಸೂರ್ಯನೇ ಕಾಣದ ಚಳಿಗಾಲದಲ್ಲಿ ಅದೇ ಎತ್ತರ ಹತ್ತಾರು ಡಿಗ್ರಿ ಬೆಚ್ಚಗಿರುತ್ತದೆ.

[ಪರದೆ: ಬೇಸಿಗೆಯ ಧ್ರುವದಿಂದ ಚಳಿಗಾಲದ ಧ್ರುವದತ್ತ ಸಾಗುವ ಬಾಣಗಳು.]

ಕಾರಣ ಗಾಳಿಯ ಚಲನೆ. ಬೆಟ್ಟಗಳ ಮೇಲೆ, ಗುಡುಗು ಮೋಡಗಳಲ್ಲಿ ಹುಟ್ಟಿದ ಗಾಳಿಯ ಅಲೆಗಳು ಮೇಲೇರುತ್ತಾ ದೊಡ್ಡದಾಗಿ ಅಲ್ಲಿ ಒಡೆಯುತ್ತವೆ. ಆ ತಳ್ಳಾಟಕ್ಕೆ ಬೇಸಿಗೆಯ ಧ್ರುವದ ಗಾಳಿ ಮೇಲಕ್ಕೆದ್ದು, ಹಿಗ್ಗಿ, ತಣ್ಣಗಾಗುತ್ತದೆ. ಚಳಿಗಾಲದ ಧ್ರುವದಲ್ಲಿ ಕೆಳಗಿಳಿದು, ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ.

ಇದನ್ನು ಅಳೆಯುವುದು ಹೇಗೆ? ಹವಾಮಾನ ಬಲೂನು ಅದರ ಅರ್ಧ ಎತ್ತರಕ್ಕೂ ಹೋಗುವುದಿಲ್ಲ. ಉಪಗ್ರಹ ಅಷ್ಟು ಕೆಳಗೆ ಸುತ್ತಿದರೆ ಉರಿದುಹೋಗುತ್ತದೆ. ರಾಕೆಟ್ ಕೆಲವೇ ನಿಮಿಷಗಳ ಅತಿಥಿ. ಋತುಗಳ ಏರಿಳಿತ ತಿಳಿಯಬೇಕಾದರೆ ವರ್ಷವಿಡೀ ಅಳೆಯಬೇಕು.

[ಪರದೆ: ಕತ್ತಲ ಆಕಾಶ. ನಿಧಾನವಾಗಿ ರೋಹಿತದ ಗೆರೆಗಳು ಮೂಡುತ್ತವೆ.]

ಅದೃಷ್ಟಕ್ಕೆ ಆ ಪದರ ತಾನೇ ಬೆಳಕು ಬೀರುತ್ತದೆ. ಹೈಡ್ರೋಜನ್ ಪರಮಾಣು ಓಝೋನ್ ಜೊತೆ ಸೇರಿದಾಗ ಚೈತನ್ಯ ತುಂಬಿದ ಹೈಡ್ರಾಕ್ಸಿಲ್ ಅಣು ಹುಟ್ಟುತ್ತದೆ. ಅದರ ಹೊಳಪು ಹೆಚ್ಚಾಗಿ ನಮ್ಮ ಕಣ್ಣಿಗೆ ಕಾಣದ ಅವಕೆಂಪಿನಲ್ಲಿ. ಆ ಬೆಳಕನ್ನು ರೋಹಿತಮಾಪಕದಲ್ಲಿ ಬಿಡಿಸಿದರೆ ಸಾಲುಸಾಲು ಗೆರೆಗಳು. ಒಂದೊಂದು ಗೆರೆಯೂ ಅಣು ಸುತ್ತುತ್ತಿರುವ ಒಂದೊಂದು ವೇಗದ ಗುರುತು. ಗಾಳಿ ಬೆಚ್ಚಗಾದಷ್ಟೂ ವೇಗವಾಗಿ ಸುತ್ತುವ ಅಣುಗಳ ಪಾಲು ಹೆಚ್ಚುತ್ತದೆ, ಅವುಗಳ ಗೆರೆಗಳು ಹೆಚ್ಚು ಹೊಳೆಯುತ್ತವೆ. ಎರಡು ಗೆರೆಗಳ ಹೊಳಪಿನ ಅನುಪಾತ ಸಿಕ್ಕರೆ ಉಷ್ಣತೆ ಸಿಕ್ಕಂತೆ. ಒಟ್ಟು ಹೊಳಪೆಷ್ಟು ಎಂಬ ಲೆಕ್ಕವೇ ಬೇಡ! ನನಗೆ ಈ ವಿಧಾನದಲ್ಲಿ ಅತ್ಯಂತ ಇಷ್ಟವಾಗುವುದು ಇದೇ.

ಆದರೆ ಇದಕ್ಕೆ ಕತ್ತಲು ಬೇಕು. ಧ್ರುವದ ಬೇಸಿಗೆಯಲ್ಲಿ ರಾತ್ರಿಯೇ ಇಲ್ಲ. ಎಲ್ಲಕ್ಕಿಂತ ಕುತೂಹಲದ ಋತುವಿನಲ್ಲೇ ಉಪಕರಣ ಕುರುಡು. ಅಲ್ಲಿ ಲೈಡಾರ್ ಎಂಬ ಲೇಸರ್ ಉಪಕರಣ ನೆರವಿಗೆ ಬರುತ್ತದೆ. ಉಲ್ಕೆಗಳು ಬಿಟ್ಟುಹೋದ ಸೋಡಿಯಂ ಪರಮಾಣುಗಳ ಮೇಲೆ 589 ನ್ಯಾನೋಮೀಟರ್‌ನ ಲೇಸರ್ ಹಾಯಿಸಿ, ಮರಳಿ ಬರುವ ಬೆಳಕನ್ನು ಪರೀಕ್ಷಿಸುತ್ತಾರೆ. ಪರಮಾಣುಗಳ ಓಡಾಟ ಹೆಚ್ಚಿದಷ್ಟೂ ಸೋಡಿಯಂನ ಗೆರೆ ಅಗಲವಾಗುತ್ತದೆ. ಆ ಅಗಲವೇ ಉಷ್ಣತೆಯ ಅಳತೆ. ಸೂಕ್ಷ್ಮ ಸೋಸುಗಗಳಿದ್ದರೆ ಹಗಲಿನಲ್ಲೂ ಇದು ಸಾಧ್ಯ.

[ಪರದೆ: ಭೂಮಿಯ ಅಂಚಿನತ್ತ ದೃಷ್ಟಿ ನೆಟ್ಟ ಉಪಗ್ರಹ.]

2001ರ ಡಿಸೆಂಬರ್‌ನಲ್ಲಿ ನಾಸಾ ಹಾರಿಸಿದ ಟೈಮ್ಡ್ ಉಪಗ್ರಹದ ಸೇಬರ್ ಉಪಕರಣ, ಬಹಳ ಮೇಲಿನಿಂದಲೇ ನೋಡುತ್ತಾ, ಭೂಮಿಯ ಅಂಚಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸೂಸುವ ಅವಕೆಂಪು ವಿಕಿರಣದಿಂದ ಉಷ್ಣತೆ ಲೆಕ್ಕಹಾಕಿತು. ಇಲ್ಲೊಂದು ತೊಡಕಿದೆ. ದಿನದ ಎಲ್ಲ ಗಂಟೆಗಳನ್ನೂ ನೋಡಿ ಮುಗಿಸಲು ಅದಕ್ಕೆ ಸುಮಾರು 60 ದಿನ ಬೇಕು, ಅಷ್ಟರಲ್ಲಿ ಋತುವೇ ಸರಿದಿರುತ್ತದೆ. ಸೂರ್ಯನ ಶಾಖದಿಂದ ದಿನವೂ ಗಾಳಿಯಲ್ಲಿ ಏಳುವ ಉಬ್ಬರವಿಳಿತಗಳು ಋತುವಿನ ಬದಲಾವಣೆಯಂತೆಯೇ ತೋರಬಹುದು. ಹಾಗಾಗಿ ದಿನದ ಏರಿಳಿತವನ್ನೂ ಋತುವಿನ ಏರಿಳಿತವನ್ನೂ ಒಟ್ಟಿಗೇ ಗಣಿತದಿಂದ ಬಿಡಿಸಬೇಕಾಗುತ್ತದೆ. ಒಂದೇ ಸ್ಥಳದಲ್ಲಿ ನಿಂತು ಇಡೀ ರಾತ್ರಿ ಆಕಾಶ ನೋಡುವ ನೆಲದ ಉಪಕರಣಗಳೊಡನೆ ಹೋಲಿಸಿಯೂ ನೋಡುತ್ತಾರೆ.