ಎಣ್ಣೆ ಬಿಟ್ಟು ಬದುಕುತ್ತದಾ ಬಕೆಟ್ ಮಶೀನು?

ನಮಸ್ಕಾರ ಕೇಳುಗರೇ.

ಹೋದ ಮಳೆಗಾಲದಲ್ಲಿ ನಾಗರಭಾವಿಯ ನಮ್ಮ ಮನೆ ಹಿಂದಿನ ಸೈಟಿನಲ್ಲಿ ಪಾಯ ತೋಡುತ್ತಿದ್ದರು. ಬಂಡೆ ಸಿಕ್ಕಿತು. ಬೆಂಗಳೂರಲ್ಲಿ ಇದೇನು ಹೊಸದಲ್ಲ, ಅಲ್ವಾ? ಬಕೆಟ್ ಮಶೀನು, ಅಂದರೆ ಮಣ್ಣು ಅಗೆಯುವ ಎಕ್ಸ್‌ಕವೇಟರಿಗೆ ಬಂಡೆ ಕುಟ್ಟುವ ಬ್ರೇಕರ್ ಹಾಕಿ ಎರಡು ದಿನ ಕುಟ್ಟಿದರು. ಮೂರನೇ ದಿನ ಮಧ್ಯಾಹ್ನ ಫಟ್ ಅಂತ ಒಂದು ಸದ್ದು. ಹೋಸ್ ಒಡೆದು ಬಿಸಿ ಎಣ್ಣೆ ಚಿಮ್ಮಿತು. ಪಕ್ಕದ ಮನೆಯ ಬಿಳಿ ಗೋಡೆ, ನಿಲ್ಲಿಸಿದ್ದ ಸ್ಕೂಟರು, ತಂತಿ ಮೇಲಿನ ಬಟ್ಟೆ, ಒಂದನ್ನೂ ಬಿಡಲಿಲ್ಲ. ಆಪರೇಟರ್ ಹುಡುಗ ನಿಧಾನವಾಗಿ ಇಳಿದು, "ಮಾಮೂಲಿ ಸಾರ್" ಅಂದ. ಒಡೆದ ಹೋಸ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತಿ ಹೋದ. ಅದೇ ಅಳತೆಗೆ ಹೊಸದು ಕತ್ತರಿಸಿ ಎರಡೂ ತುದಿಗೆ ಲೋಹದ ಜೋಡಣೆ ಒತ್ತಿ ಬಿಗಿಸಿ, ಅಂದರೆ ಕ್ರಿಂಪ್ ಮಾಡಿಸಿಕೊಂಡು ಸಂಜೆ ಹೊತ್ತಿಗೆ ವಾಪಸ್ ಬಂದ. ಯಾವ ಕಂಪನಿಯ ಯಂತ್ರ ಅಂತ ಕೇಳಬೇಡಿ, ಹೋಸ್ ಎಲ್ಲದರಲ್ಲೂ ಒಡೆಯುತ್ತದೆ.

ನಾನು ಪೀಣ್ಯದಲ್ಲಿ ಬಹಳ ವರ್ಷ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಪಂಪು, ಸಿಲಿಂಡರು ಬಿಚ್ಚಿ ಸೀಲ್ ಕಿಟ್ ಹಾಕಿಕೊಂಡೇ ಹೊಟ್ಟೆ ಹೊರೆದವನು. ಹಾಗಾಗಿ ಎಣ್ಣೆಯನ್ನು ಸುಮ್ನೆ ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅದರ ತಾಕತ್ತು ನೋಡಿ. ಈ ಯಂತ್ರಗಳಲ್ಲಿ ಎಣ್ಣೆಯ ಒತ್ತಡ ಸುಮಾರು 350 ಬಾರ್‌ವರೆಗೆ ಹೋಗುತ್ತದೆ. ಒಳಗಿನ ಅಗಲ ಬರೀ 100 ಮಿಲಿಮೀಟರ್, ಅಂದರೆ ಒಂದು ಗೇಣೂ ಇಲ್ಲದ ಸಿಲಿಂಡರು ಆ ಒತ್ತಡದಲ್ಲಿ 28 ಟನ್ ತಳ್ಳುತ್ತದೆ! ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬಲ ಬೇರೆ ಯಾವುದರಿಂದಲೂ ಸುಲಭಕ್ಕೆ ಬರುವುದಿಲ್ಲ.

ತೊಂದರೆ ಇರುವುದು ದಾರಿಯಲ್ಲಿ. ಬೂಮ್, ಅಂದರೆ ಯಂತ್ರದ ದೊಡ್ಡ ತೋಳು ಎತ್ತಲು ಡೀಸೆಲ್ ಸುಡುತ್ತೇವೆ. ಇಳಿಸುವಾಗ ಆ ಶಕ್ತಿ ವಾಪಸ್ ಬರಬೇಕು ತಾನೇ? ಬರುವುದಿಲ್ಲ. ಎಣ್ಣೆ ವಾಲ್ವಿನ ಸಣ್ಣ ಕಿಂಡಿಯಲ್ಲಿ ತೂರಿಕೊಂಡು ಬರುತ್ತದೆ, ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಆ ಬಿಸಿ ಇಳಿಸಲು ಒಂದು ಕೂಲರ್, ಕೂಲರಿಗೆ ಒಂದು ಫ್ಯಾನು, ಫ್ಯಾನು ತಿರುಗಲು ಮತ್ತೆ ಡೀಸೆಲ್. ಬೂಮ್, ಅದರ ತುದಿಯ ಚಿಕ್ಕ ತೋಳಾದ ಆರ್ಮ್, ಬಕೆಟ್ ಮೂರನ್ನೂ ಒಟ್ಟಿಗೆ ಆಡಿಸಿದರೆ ಪಂಪು ಜಾಸ್ತಿ ಭಾರ ಇರುವ ಕಡೆಯ ಒತ್ತಡಕ್ಕೆ ಎಣ್ಣೆ ಕೊಡಬೇಕು, ಉಳಿದ ಕಡೆ ಆ ಹೆಚ್ಚಿನ ಒತ್ತಡ ವಾಲ್ವಿನಲ್ಲೇ ಸಾಯುತ್ತದೆ.

ಈಗ "ಎಲೆಕ್ಟ್ರಿಕ್" ಅಂತ ಬೋರ್ಡ್ ಹಾಕಿಕೊಂಡು ಬರುವ ಯಂತ್ರಗಳ ಮುಚ್ಚಳ ತೆಗೆದು ನೋಡಿ. ಜೆಸಿಬಿಯ ಪುಟ್ಟ 19ಸಿ-1ಇ ಇರಲಿ, 264 ಕಿಲೋವಾಟ್ ಗಂಟೆಯ ಬ್ಯಾಟರಿಯೊಂದಿಗೆ ಬಂದ ವೋಲ್ವೊ ಇಸಿ230 ಇರಲಿ, ಇಂಜಿನ್ ಇದ್ದ ಜಾಗಕ್ಕೆ ಮೋಟಾರು ಬಂದಿದೆ, ಅಷ್ಟೇ. ಮೋಟಾರು ಅದೇ ಪಂಪು ತಿರುಗಿಸುತ್ತದೆ, ಪಂಪಿನಿಂದ ಅದೇ ವಾಲ್ವು, ಅದೇ ಹೋಸು. ಹೊಗೆ ಇಲ್ಲ, ಸದ್ದು ಕಡಿಮೆ, ಆಸ್ಪತ್ರೆ ಪಕ್ಕದ ಕೆಲಸಕ್ಕೆ ನಿಜಕ್ಕೂ ಒಳ್ಳೆಯದು. ಆದರೆ ಪಕ್ಕದ ಮನೆಯ ಗೋಡೆಗೆ ಅದರಿಂದ ರಕ್ಷಣೆ ಸಿಕ್ಕಿಲ್ಲ. ದುಬಾರಿ ಬ್ಯಾಟರಿಯ ಕರೆಂಟನ್ನು ಕಿಂಡಿಯಲ್ಲಿ ತೂರಿಸಿ ಬಿಸಿ ಮಾಡುವುದಂತೂ ನನ್ನ ಕಣ್ಣಿಗೆ ಡೀಸೆಲ್ ಹಾಳು ಮಾಡುವುದಕ್ಕಿಂತ ದೊಡ್ಡ ದಂಡ.

ಎಣ್ಣೆಯನ್ನು ಎಲ್ಲಿಂದ ಬಿಡಿಸಬೇಕು? ತಿರುಗುವ ಕೆಲಸದಿಂದ. ಮೋಟಾರು ಹುಟ್ಟಿರುವುದೇ ತಿರುಗಲು. ಕೊಮಾಟ್ಸು 2008ರಲ್ಲೇ ಪಿಸಿ200 ಹೈಬ್ರಿಡ್ ಯಂತ್ರದಲ್ಲಿ ಮೇಲ್ಭಾಗ ತಿರುಗಿಸಲು ಎಲೆಕ್ಟ್ರಿಕ್ ಮೋಟಾರು ಇಟ್ಟಿತು. ತಿರುಗಿ ನಿಲ್ಲುವಾಗ ಆ ಮೋಟಾರೇ ಜನರೇಟರ್ ಆಗಿ, ಕರೆಂಟು ಕೂಡಿಡುವ ಕೆಪಾಸಿಟರಿಗೆ ಕರೆಂಟು ತುಂಬುತ್ತದೆ. ಮಣ್ಣು ತೆಗೆದು ಲಾರಿಗೆ ಹಾಕುವ ಯಂತ್ರ ದಿನಕ್ಕೆ ಎಷ್ಟು ಸಲ ತಿರುಗಿ ನಿಲ್ಲುತ್ತದೆ, ಲೆಕ್ಕ ಹಾಕಿ. ನಮ್ಮ ಮೆಟ್ರೋಗೆ ಸುರಂಗ ಕೊರೆಯಲು ಇಳಿದ ತುಂಗಾ, ಭದ್ರಾ, ಊರ್ಜಾ ಎಂಬ ಯಂತ್ರಗಳು ಎಲ್ಲರಿಗೂ ಗೊತ್ತು. ಆ ಜಾತಿಯ ಯಂತ್ರಗಳಲ್ಲಿ ಮುಂದಿನ ಕಟ್ಟರ್ ತಿರುಗಿಸಲು ಹಿಂದೆ ಹೈಡ್ರಾಲಿಕ್ ಮೋಟಾರು ಜಾಸ್ತಿ ಇತ್ತು, ಈಗ ಬಹುಪಾಲು ಎಲೆಕ್ಟ್ರಿಕ್. ಆದರೆ ಇಡೀ ಯಂತ್ರವನ್ನು ಹಿಂದಿನಿಂದ ಮುಂದಕ್ಕೆ ತಳ್ಳುವುದು ಇಂದಿಗೂ ಹೈಡ್ರಾಲಿಕ್ ಜಾಕಿಗಳೇ. ತಿರುಗುವುದು ಕರೆಂಟಿಗೆ, ತಳ್ಳುವುದು ಎಣ್ಣೆಗೆ ಅಂತ ಪಾಲಾಗಿದೆ.

ಈ ತಳ್ಳುವ ಕೆಲಸವೇ ಕಗ್ಗಂಟು. ಎಣ್ಣೆಯಿಂದ ಎತ್ತುವ ಲಾರಿಯವರ ಬಾಟಲ್ ಜಾಕಿ, ಕಾರಿನ ಡಿಕ್ಕಿಯಲ್ಲಿರುವ ಸ್ಕ್ರೂ ಜಾಕಿ, ಎರಡೂ ನೋಡಿರುತ್ತೀರಿ. ಎಲೆಕ್ಟ್ರಿಕ್ ಸಿಲಿಂಡರು ಅಂದರೆ ಮೋಟಾರು ಕಟ್ಟಿದ ಸ್ಕ್ರೂ ಜಾಕಿ ಅಂದುಕೊಳ್ಳಿ. ಬಾಬ್‌ಕ್ಯಾಟ್ ಕಂಪನಿ 2022ರಲ್ಲಿ ಟಿ7ಎಕ್ಸ್ ಅನ್ನುವ ಲೋಡರ್ ತೋರಿಸಿತು. ಅದರಲ್ಲಿ ಹೈಡ್ರಾಲಿಕ್ ಎಣ್ಣೆ ಒಂದು ತೊಟ್ಟೂ ಇಲ್ಲ. ಅದೇ ಅಳತೆಯ ಡೀಸೆಲ್ ಯಂತ್ರದಲ್ಲಿ ಎಲ್ಲ ಸೇರಿ ಸುಮಾರು 215 ಲೀಟರ್ ದ್ರವ ಇದ್ದರೆ ಇದರಲ್ಲಿ ಒಂದು ಲೀಟರಿಗೂ ಕಡಿಮೆ ಕೂಲೆಂಟು ಸಾಕು ಅಂತ ಕಂಪನಿಯೇ ಹೇಳಿದೆ. ಮಣ್ಣು ಎತ್ತಿ ಸುರಿಯುವ ಕೆಲಸಕ್ಕೆ ಇದು ಸರಿಯೇ. ಬಕೆಟ್ಟಿನ ಹಲ್ಲು ಬಂಡೆಗೆ ಬಡಿದಾಗ ಏನಾಗುತ್ತದೆ? ಎಣ್ಣೆಯಲ್ಲಾದರೆ ಒತ್ತಡ ಮಿತಿ ಮೀರಿದಾಗ ರಿಲೀಫ್ ವಾಲ್ವು ತೆರೆದು ಹೊಡೆತ ಹಾದುಹೋಗುತ್ತದೆ. ಸ್ಕ್ರೂನಲ್ಲಿ ಆ ಹೊಡೆತ ನೇರವಾಗಿ ಸ್ಕ್ರೂವಿನ ಸುತ್ತುಗಳಿಗೆ, ಬೇರಿಂಗಿಗೆ ಬೀಳುತ್ತದೆ. ಬಿಸಿಯದ್ದೂ ಒಂದು ಕಥೆ. ಎಣ್ಣೆ ಬಿಸಿಯನ್ನು ಹೊತ್ತುಕೊಂಡು ಹೋಗಿ ದೂರದ ಕೂಲರಿನಲ್ಲಿ ಬಿಡುತ್ತದೆ, ಮೋಟಾರಿನ ಬಿಸಿ ಅದು ಇರುವ ಜಾಗದಲ್ಲೇ ಕೂತಿರುತ್ತದೆ.

ನನ್ನನ್ನು ಕೇಳಿದರೆ, ದೊಡ್ಡ ಯಂತ್ರಗಳಿಗೆ ನಡುವಿನ ದಾರಿಯೇ ಮೊದಲು ಬರುತ್ತದೆ. ಒಂದೊಂದು ಸಿಲಿಂಡರಿಗೂ ಅದರದ್ದೇ ಮೋಟಾರು, ಅದರದ್ದೇ ಪುಟ್ಟ ಪಂಪು, ಬೆನ್ನಿಗೇ ಕಟ್ಟಿಬಿಡುವುದು. ಏರ್‌ಬಸ್ ಎ380 ವಿಮಾನದ ರೆಕ್ಕೆಯಲ್ಲಿ ಇಂಥವು ಆಗಲೇ ಕೆಲಸ ಮಾಡಿವೆ. ಎಣ್ಣೆ ಇರುತ್ತದೆ, ಆದರೆ ಸ್ವಲ್ಪ. ಯಂತ್ರದ ಉದ್ದಕ್ಕೂ ಓಡುವ ಹೋಸು ಇರುವುದಿಲ್ಲ, ಇಳಿಯುವ ಬೂಮು ಮೋಟಾರನ್ನೇ ಹಿಂದಕ್ಕೆ ತಿರುಗಿಸಿ ಕರೆಂಟು ಕೊಡಬಹುದು. ಬಂಡೆ ಕುಟ್ಟುವ ಬ್ರೇಕರ್ ಮಾತ್ರ ಇನ್ನೂ ಬಹಳ ದಿನ ಎಣ್ಣೆಯನ್ನು ಬಿಡುವುದಿಲ್ಲ.

ಇದನ್ನೆಲ್ಲ ಆ ಆಪರೇಟರ್ ಹುಡುಗನಿಗೆ ಕಾಂಪೌಂಡ್ ಮೇಲೆ ಕೂತು ಹೇಳಿದೆ. ಎಲ್ಲ ಕೇಳಿ, "ಸಾರ್, ಆ ವೈರು ಕಿತ್ತೋದ್ರೆ ಬೈಕಲ್ಲಿ ಹಾಕ್ಕೊಂಡು ಹೋಗಿ ಮಾಡಿಸ್ಕೊಂಡು ಬರಬಹುದಾ?" ಅಂದ. ಆಗುವುದಿಲ್ಲ. ಕಿತ್ತಳೆ ಬಣ್ಣದ ಆ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಓಡುತ್ತಿರುತ್ತದೆ, ತರಬೇತಿ ಇಲ್ಲದೆ ಮುಟ್ಟುವ ಹಾಗೇ ಇಲ್ಲ. ಆದರೆ ಪೀಣ್ಯದ ಗಲ್ಲಿಗಳಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳ ಸರ್ವೋ ಮೋಟಾರು, ಅದನ್ನು ನಡೆಸುವ ಡ್ರೈವ್ ರಿಪೇರಿ ಮಾಡುವವರು ಈಗಲೇ ಇದ್ದಾರೆ. ಹೋಸ್ ಕ್ರಿಂಪ್ ಮಾಡುವ ಅಂಗಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲೇ ಇದ್ದಾರೆ. ಅವನಿಗೆ ಅಂಥ ಒಂದು ಅಂಗಡಿಯ ವಿಳಾಸ ಬರೆದು ಕೊಟ್ಟೆ.