ನೆವಾಡದ ಗಣಿ ನಕ್ಷೆಗಳು: ಮೊದಲು ವ್ಯಾಜ್ಯ, ಆಮೇಲೆ ಗೆರೆ

[ಪರದೆ: ಹಳೇ ಟೋಪೋ ನಕ್ಷೆಯ ಒಂದು ಮೂಲೆ, ನಿಧಾನವಾಗಿ ಹತ್ತಿರಕ್ಕೆ]

ಇದು ಅಮೆರಿಕದ ನೆವಾಡ ಮರುಭೂಮಿ. ಊರಿಲ್ಲ, ಹೊಳೆಯಿಲ್ಲ, ಆದರೂ ಗುಡ್ಡದ ತುಂಬಾ ಗುರುತುಗಳು. ಎಕ್ಸ್ ಥರ ಇರೋದು ಯಾರೋ ಅದಿರು ಹುಡುಕ್ತಾ ತೋಡಿಬಿಟ್ಟ ಗುಂಡಿ. ಅರ್ಧ ಕಪ್ಪು, ಅರ್ಧ ಬಿಳಿ ಚೌಕ ಅಂದರೆ ನೇರ ಕೆಳಗಿಳಿಯುವ ಶಾಫ್ಟ್. ವೈ ಆಕಾರದ್ದು ಸುರಂಗದ ಬಾಯಿ.

ಹೀಗೆ ಗಣಿಗಳು ಒತ್ತೊತ್ತಾಗಿರುವ ಸೀಮೆಗೆ ಅಲ್ಲಿ ಮೈನಿಂಗ್ ಡಿಸ್ಟ್ರಿಕ್ಟ್ ಅಂತಾರೆ. ಶುರುವಿನಲ್ಲಿ ಇವನ್ನ ಸರ್ಕಾರ ಮಾಡಿದ್ದಲ್ಲ. ಅದಿರು ಸಿಕ್ಕ ಜಾಗದಲ್ಲಿ ಗಣಿಗಾರರೇ ಸಭೆ ಸೇರಿ, ಒಬ್ಬೊಬ್ಬರಿಗೆ ಎಷ್ಟು ಅಡಿ ಅಂತ ತೀರ್ಮಾನಿಸಿ, ಕ್ಲೇಮು, ಅಂದರೆ ಈ ಜಾಗ ಅಗೆಯೋ ಹಕ್ಕು ನಂದು ಅನ್ನೋದನ್ನ, ಬರೆದಿಡೋಕೆ ಒಬ್ಬ ರೆಕಾರ್ಡರನ್ನ ಆರಿಸೋರು. ನಕ್ಷೆ ಇರಲಿಲ್ಲ. ಚೆಕ್ಕುಬಂದಿ ಅಂದರೆ ಇಂಥ ಶಿಖರ, ಇಂಥ ನೀರಿನ ಬುಗ್ಗೆ, ಕಲ್ಲುಗುಡ್ಡೆ, ಮರದ ಗೂಟ. ಹಕ್ಕುಪತ್ರವನ್ನ ತಗಡಿನ ಡಬ್ಬಿಗೆ ಹಾಕಿ ಆ ಕಲ್ಲುಗುಡ್ಡೆಯಲ್ಲೇ ಇಡೋದೂ ಉಂಟು.

[ಪರದೆ: ವರ್ಜಿನಿಯಾ ಸಿಟಿ, ಹಳೇ ಫೋಟೋ]

1859ರಲ್ಲಿ ಕಾಮ್‌ಸ್ಟಾಕ್ ಲೋಡ್ ಬೆಳಕಿಗೆ ಬಂತು. ಬೆಳ್ಳಿ, ಬಂಗಾರ ಎರಡೂ ಇದ್ದ ಭಾರೀ ಅದಿರಿನ ಎಳೆ. ಅಲ್ಲಿನ ಮೊದಲ ದಾಖಲೆ ಪುಸ್ತಕ ಎಲ್ಲಿರ್ತಿತ್ತು ಗೊತ್ತಾ? ಸಾರಾಯಿ ಅಂಗಡಿಯಲ್ಲಿ, ಮಾರೋ ಕಟ್ಟೆಯ ಹಿಂದೆ. ತಿದ್ದಬೇಕು ಅನಿಸಿದವನು ತಿದ್ದಿದ. ಹೀಗಿದ್ದಮೇಲೆ ಕೋರ್ಟು ಮೆಟ್ಟಿಲು ಹತ್ತದೆ ಇನ್ನೇನು?

ಆದರೆ ನಿಜವಾದ ತಂಟೆ ಇದ್ದದ್ದು ನೆಲದ ಕೆಳಗೆ. ಅದಿರಿನ ಎಳೆ ನೆಟ್ಟಗೆ ಕೆಳಗಿಳಿಯಲ್ಲ, ಓರೆಯಾಗಿ ಹೋಗುತ್ತೆ. ಅಲ್ಲಿನ ಪದ್ಧತಿ ಏನಂದರೆ, ಎಳೆಯ ನೆತ್ತಿ, ಅಂದರೆ ಅದರ ಮೇಲಿನ ತುದಿ, ಯಾರ ಕ್ಲೇಮಿನಲ್ಲಿದೆಯೋ ಅವರು ಅದನ್ನ ಹಿಡಿದುಕೊಂಡು ಪಕ್ಕದವರ ನೆಲದಡಿಗೂ ಅಗೆಯಬಹುದು. ಸರಿ, ನೀವು ಅಗೆಯುತ್ತಿರೋದು ನಿಮ್ಮದೇ ಎಳೆ ಅನ್ನೋದಕ್ಕೆ ಸಾಕ್ಷಿ ಏನು? ಕಾಮ್‌ಸ್ಟಾಕ್‌ನಲ್ಲಿ ಎರಡು ಪಕ್ಷ ಆಯ್ತು. ಇರೋದು ಒಂದೇ ದೊಡ್ಡ ಎಳೆ, ಉಳಿದವೆಲ್ಲ ಅದರ ಕವಲು ಅಂತ ಮೊದಲು ಬಂದ ದೊಡ್ಡ ಕಂಪನಿಗಳು. ಅವರ ಪರ ವಕೀಲ ವಿಲಿಯಂ ಸ್ಟೀವರ್ಟ್. ಇಲ್ಲ, ಬೇರೆ ಬೇರೆ ಎಳೆಗಳಿವೆ ಅಂತ ಆಮೇಲೆ ಬಂದವರು. ಲಂಚದ ಆರೋಪ ಎಷ್ಟು ಬಿಸಿಯಾಯ್ತು ಅಂದರೆ 1864ರಲ್ಲಿ ನೆವಾಡ ಪ್ರಾಂತ್ಯದ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರೂ ರಾಜೀನಾಮೆ ಕೊಟ್ಟರು. ಕೊನೆಗೆ ಗೆದ್ದದ್ದು ಒಂದೇ ಎಳೆಯ ವಾದ. ಸ್ಟೀವರ್ಟ್ ಸೆನೆಟರ್ ಆಗಿ, ಗಣಿಗಾರರ ಕಟ್ಟಳೆಗಳಿಗೆ ಮಾನ್ಯತೆ ಕೊಟ್ಟ 1866ರ ಕಾಯ್ದೆಯನ್ನ ಮುಂದೆ ನಿಂತು ಮಾಡಿಸಿದ. ವ್ಯಾಜ್ಯ ನಡೆಸಿದವನ ಕೈಯಲ್ಲೇ ಕಾಯ್ದೆ!

1872ರ ಕಾಯ್ದೆ ಅಳತೆ ಕಟ್ಟಿತು: ಎಳೆಯ ಉದ್ದಕ್ಕೆ 1,500 ಅಡಿ, ಎರಡೂ ಬದಿಗೆ 300 ಅಡಿವರೆಗೆ. ನೆತ್ತಿಯ ಹಕ್ಕನ್ನ ಮಾತ್ರ ತೆಗೆಯಲಿಲ್ಲ. ಈ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ.

[ಪರದೆ: ಗಣಿಯ ಅಡ್ಡಸೀಳಿನ ಚಿತ್ರ, ಬಣ್ಣಬಣ್ಣದ ಪದರಗಳು]

ಹಾಗಾಗಿ ಮೇಲಿಂದ ನೋಡಿ ಬರೆದ ನಕ್ಷೆಯಿಂದ ಕೆಲಸ ನಡೆಯುತ್ತಿರಲಿಲ್ಲ. ನೆಲವನ್ನ ಸೀಳಿ ತೋರಿಸಬೇಕಿತ್ತು. 1867ರಲ್ಲಿ ಭೂವಿಜ್ಞಾನಿ ಕ್ಲಾರೆನ್ಸ್ ಕಿಂಗ್ ನಾಯಕತ್ವದಲ್ಲಿ 40ನೇ ಅಕ್ಷಾಂಶದ ಗುಂಟ ಸರ್ಕಾರಿ ಸರ್ವೆ ಹೊರಟಿತು. ಅವರ ಛಾಯಾಗ್ರಾಹಕ ಟಿಮೊತಿ ಒ'ಸಲಿವನ್ ಮೆಗ್ನೀಸಿಯಂ ಉರಿಸಿ, ಆ ಬೆಳಕಿನಲ್ಲಿ ಗಣಿಯೊಳಗೇ ಫೋಟೋ ತೆಗೆದ. 1879ರಲ್ಲಿ ಭೂವೈಜ್ಞಾನಿಕ ಸರ್ವೆ ಇಲಾಖೆ, ಅಂದರೆ ಯುಎಸ್‌ಜಿಎಸ್, ಹುಟ್ಟಿದಾಗ ಕಿಂಗ್ ಅದರ ಮೊದಲ ನಿರ್ದೇಶಕ. 1882ರಲ್ಲಿ ಅದೇ ಇಲಾಖೆಯ ಜಾರ್ಜ್ ಬೆಕರ್ ಕಾಮ್‌ಸ್ಟಾಕ್ ಬಗ್ಗೆ ಪೂರ್ತಿ ಸಂಪುಟವನ್ನೇ ತಂದ. ಗಣಿಯೊಳಗಿನ ಕೆಟ್ಟ ಶಾಖ ಎಲ್ಲಿಂದ ಬರುತ್ತೆ ಅನ್ನೋ ಚರ್ಚೆಯೂ ಅದರಲ್ಲಿದೆ.

ನಕ್ಷೆ ತಡವಾಗಿ ಬಂದ ಕಥೆಯೂ ಇದೆ. 1904ರಲ್ಲಿ ಶಾರ್ಟಿ ಹ್ಯಾರಿಸ್, ಎಡ್ ಕ್ರಾಸ್ ಅನ್ನೋ ಇಬ್ಬರು ಡೆತ್ ವ್ಯಾಲಿಯ ಪೂರ್ವಕ್ಕೆ ಬಂಗಾರ ಕಂಡರು. ಬುಲ್‌ಫ್ರಾಗ್ ಡಿಸ್ಟ್ರಿಕ್ಟ್, ಅದರ ನಡುವೆ ರಯೊಲೈಟ್ ಊರು. ಮೂರು ರೈಲು ಮಾರ್ಗ ಬಂತು. ಆ ಸೀಮೆಯ ಭೂವಿಜ್ಞಾನದ ವರದಿಯನ್ನ ಯುಎಸ್‌ಜಿಎಸ್ ಪ್ರಕಟಿಸಿದ್ದು 1910ರಲ್ಲಿ. ಅದೇ ವರ್ಷದ ಜನಗಣತಿಯಲ್ಲಿ ರಯೊಲೈಟ್‌ನಲ್ಲಿ ಉಳಿದಿದ್ದವರು 675 ಜನ. ಮರುವರ್ಷ ದೊಡ್ಡ ಗಣಿಯೂ ಮುಚ್ಚಿತು.

[ಪರದೆ: ಮತ್ತದೇ ಗುರುತುಗಳು, ಈ ಸಲ ಕಂಪ್ಯೂಟರ್ ನಕ್ಷೆಯಲ್ಲಿ]

ಹಳೇ ನಕ್ಷೆಗಳಲ್ಲಿನ ಇಂಥ ಗುರುತುಗಳನ್ನ ಯುಎಸ್‌ಜಿಎಸ್ ಈಗ ಒಂದೊಂದಾಗಿ ಡಿಜಿಟಲ್ ಮಾಡಿದೆ. ಉಪಯುಕ್ತ ಕೆಲಸವೇ. ಆದರೆ ನೆನಪಿರಲಿ: ಮೊಣಕಾಲುದ್ದದ ಗುಂಡಿಗೂ ಅದೇ ಎಕ್ಸ್, ಆಳುದ್ದದ ಗುಂಡಿಗೂ ಅದೇ ಎಕ್ಸ್. ಡಿಸ್ಟ್ರಿಕ್ಟಿನ ಗಡಿಯಂತೂ ಒಬ್ಬೊಬ್ಬರ ನಕ್ಷೆಯಲ್ಲಿ ಒಂದೊಂದು ಥರ. ಮೂಲದಲ್ಲೇ ಗೆರೆ ಇಲ್ಲದ ಮೇಲೆ ಸರಿ ತಪ್ಪು ಹೇಳೋದು ಹೇಗೆ? 1976ರ ಕಾಯ್ದೆ ಬಂದ ಮೇಲೆ ಕ್ಲೇಮುಗಳನ್ನ ಕೇಂದ್ರ ಸರ್ಕಾರದ ಭೂ ಇಲಾಖೆಯಲ್ಲೂ ದಾಖಲಿಸಬೇಕು, ಅಷ್ಟು ವಾಸಿ.

ಗೂಟದ ರಗಳೆ ಮಾತ್ರ ಮುಗಿದಿಲ್ಲ. ಮರದ ಗೂಟದ ಬದಲು ಅಗ್ಗದ ಪಿವಿಸಿ ಪೈಪು ನೆಡೋಕೆ ಶುರು ಮಾಡಿದ್ದರು. ಗೂಡು ಕಟ್ಟೋಕೆ ಪೊಟರೆ ಹುಡುಕೋ ಹಕ್ಕಿಗಳು ಬಾಯಿ ತೆರೆದ ಪೈಪಿನೊಳಗೆ ಇಳಿದು, ನುಣುಪು ಗೋಡೆ ಹತ್ತಲಾಗದೆ ಸತ್ತವು. 2011ರ ನವೆಂಬರಿನಿಂದ ನೆವಾಡದಲ್ಲಿ ಅಂಥ ಪೈಪು ಕಂಡರೆ ಯಾರು ಬೇಕಾದರೂ ಕಿತ್ತು ಅಲ್ಲೇ ಪಕ್ಕದಲ್ಲಿ ಮಲಗಿಸಬಹುದು.